ರಿಜಿಸ್ಟ್ರೇಷನ್‌ಗೆ ಮುಂಚೆ ಕೇಳಿ: ಮನೆ, ಸೈಟು, ಬಾಡಿಗೆ ಮತ್ತು ತೆರಿಗೆ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಸಾಲ ಮಾಡಿ ಎರಡನೇ ಮನೆ ಕೊಂಡವರದು, ಸೈಟು ಮಾರಿದವರದು. ಕೋಟಿಗಟ್ಟಲೆ ವ್ಯವಹಾರ ಮಾಡುವವರಲ್ಲ. ಸಂಬಳದಲ್ಲಿ, ಪಿಂಚಣಿಯಲ್ಲಿ, ಅಡಿಕೆ ಮಾರಿದ ದುಡ್ಡಿನಲ್ಲಿ ಉಳಿಸಿ ಆಸ್ತಿ ಮಾಡಿದವರು. ಇಂಥವರಿಗೆ ಆದಾಯ ತೆರಿಗೆ ಕಾಯ್ದೆಯಲ್ಲಿ ನಿಜವಾಗಿಯೂ ರಿಯಾಯಿತಿಗಳಿವೆ. ಆದರೆ ಪ್ರತಿಯೊಂದಕ್ಕೂ ಒಂದು ಗಡುವು ಇದೆ, ಒಂದು ಕಾಗದ ಬೇಕು. ಮೈಸೂರಿನ ನನ್ನ ಆಫೀಸಿಗೆ ಬರುವವರಲ್ಲೂ ಬಹಳ ಜನ ಆ ಗಡುವು ದಾಟಿದ ಮೇಲೆಯೇ ಬರುತ್ತಾರೆ. ಕಷ್ಟಪಟ್ಟು ಕೂಡಿಸಿದ ದುಡ್ಡು ಹೀಗೆ ಸುಮ್ನೆ ಹೋಗುವುದನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅದಕ್ಕೇ ಈ ಕಂತಿನಲ್ಲಿ ಲೆಕ್ಕವನ್ನು ಬಿಡಿಸಿ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. 2026ರ ಏಪ್ರಿಲ್ 1ರಿಂದ 1961ರ ಆದಾಯ ತೆರಿಗೆ ಕಾಯ್ದೆಯ ಜಾಗಕ್ಕೆ 2025ರ ಹೊಸ ಕಾಯ್ದೆ ಬರುತ್ತದೆ. ಸೆಕ್ಷನ್ ನಂಬರುಗಳು ಬದಲಾಗುತ್ತವೆ. ಬ್ಯಾಂಕಿನಲ್ಲೂ ಬ್ರೋಕರ್ ಬಾಯಲ್ಲೂ ಇನ್ನೂ ಹಳೆ ನಂಬರುಗಳೇ ಓಡಾಡುತ್ತಿರುವುದರಿಂದ ನಾನೂ ಅವನ್ನೇ ಬಳಸಿದ್ದೇನೆ. ಲೆಕ್ಕಗಳೆಲ್ಲ 2025-26ರ ಆರ್ಥಿಕ ವರ್ಷದ್ದು. 'ಹಳೆ ಪದ್ಧತಿ' ಅಂದರೆ ಕಡಿತಗಳು ಹೆಚ್ಚು, ದರವೂ ಹೆಚ್ಚು ಇರುವ ತೆರಿಗೆ ಲೆಕ್ಕ; 'ಹೊಸ ಪದ್ಧತಿ' ಅಂದರೆ ದರ ಕಡಿಮೆ, ಕಡಿತಗಳೂ ಕಡಿಮೆ ಇರುವ ಲೆಕ್ಕ.

ಪ್ರಶ್ನೆ: ಮೇಡಂ, ಖಾಸಗಿ ಕಂಪನಿಯಲ್ಲಿದ್ದೇನೆ. ವರ್ಷಕ್ಕೆ 14 ಲಕ್ಷ ಸಂಬಳ. ಮೈಸೂರಿನಲ್ಲಿ ಸ್ವಂತ ಮನೆ ಇದೆ, ಅದರ ಮೇಲೆ ಸಾಲ ಇಲ್ಲ. ಬೆಂಗಳೂರಿನ ಕೆಂಗೇರಿ ಕಡೆ 62 ಲಕ್ಷಕ್ಕೆ ಫ್ಲಾಟ್ ಕೊಂಡು ಬಾಡಿಗೆಗೆ ಕೊಟ್ಟಿದ್ದೇನೆ. ಬಾಡಿಗೆ 18,000. ಸಾಲ 45 ಲಕ್ಷ, ವರ್ಷದ ಬಡ್ಡಿ 3,80,000. ಕಂದಾಯ 6,000 ನಾನೇ ಕಟ್ಟುತ್ತೇನೆ. ಬಡ್ಡಿ ಪೂರ್ತಿ ಸಂಬಳದಲ್ಲಿ ಕಳೆಯಬಹುದು ಎಂದು ಸಹೋದ್ಯೋಗಿ ಹೇಳಿದ್ದರಿಂದ ಹಳೆ ಪದ್ಧತಿಯಲ್ಲೇ ಇದ್ದೇನೆ. ಇದು ಸರಿಯಾ? ಕೈಯಲ್ಲಿ 5 ಲಕ್ಷ ಇದೆ. ಎಫ್‌ಡಿ ಇಡಲಾ, ಸಾಲಕ್ಕೆ ಕಟ್ಟಲಾ?
— ಓದುಗರು, ವಿಜಯನಗರ, ಮೈಸೂರು

ಉತ್ತರ: ನಿಮ್ಮ ಸಹೋದ್ಯೋಗಿ ಹೇಳಿದ್ದು ಹಿಂದೆ ನಿಜವಾಗಿತ್ತು. 2017ರ ಬಜೆಟ್‌ನಲ್ಲಿ ಅದಕ್ಕೆ ಮಿತಿ ಬಿತ್ತು.

ಲೆಕ್ಕ ಹೀಗೆ. ವರ್ಷದ ಬಾಡಿಗೆ 2,16,000. ಕಟ್ಟಿದ ಕಂದಾಯ 6,000 ಕಳೆದರೆ 2,10,000. ಅದರಲ್ಲಿ ನೂರಕ್ಕೆ 30, ಅಂದರೆ 63,000 ರೂಪಾಯಿಯನ್ನು ಕಾಯ್ದೆಯೇ ಬಿಟ್ಟುಕೊಡುತ್ತದೆ. ಸುಣ್ಣ ಬಣ್ಣ ಮಾಡಿಸಿದ ಬಿಲ್ಲು ಇರಲಿ ಬಿಡಲಿ, ಇದು ಸಿಗುತ್ತದೆ. ಉಳಿದದ್ದು 1,47,000. ಅದರಿಂದ ಬಡ್ಡಿ 3,80,000 ಕಳೆದರೆ 2,33,000 ನಷ್ಟ. ಹಳೆ ಪದ್ಧತಿಯಲ್ಲಿ ಈ ನಷ್ಟದಲ್ಲಿ ವರ್ಷಕ್ಕೆ 2 ಲಕ್ಷ ಮಾತ್ರ ಸಂಬಳದಿಂದ ಕಳೆಯಬಹುದು. ಮಿಕ್ಕ 33,000 ಮುಂದಿನ 8 ವರ್ಷದವರೆಗೆ ಹೋಗುತ್ತದೆ, ಅದೂ ಮನೆ ಬಾಡಿಗೆಯ ಆದಾಯದಿಂದ ಕಳೆಯಲು ಮಾತ್ರ. ಹೊಸ ಪದ್ಧತಿಯಲ್ಲಿ ಬಾಡಿಗೆ ಆದಾಯ ಸೊನ್ನೆಯಾಗುವಷ್ಟು ಬಡ್ಡಿ ಕಳೆಯಬಹುದು. ನಷ್ಟವನ್ನು ಸಂಬಳದ ಕಡೆ ತರುವಂತಿಲ್ಲ.

ಇಷ್ಟು ಕೇಳಿದರೆ ಹಳೆಯದೇ ಒಳ್ಳೆಯದು ಅನ್ನಿಸುತ್ತದೆ, ಅಲ್ವಾ? ಪೂರ್ತಿ ಲೆಕ್ಕ ಹಾಕಿ ನೋಡೋಣ.

ಹಳೆ ಪದ್ಧತಿ: 14 ಲಕ್ಷದಲ್ಲಿ 50,000 ಸ್ಟ್ಯಾಂಡರ್ಡ್ ಡಿಡಕ್ಷನ್ (ಸಂಬಳದವರಿಗೆಲ್ಲ ಸಿಗುವ ಕಡಿತ), ಮನೆಯ ನಷ್ಟ 2 ಲಕ್ಷ, 80ಸಿ (ಪಿಎಫ್, ಜೀವ ವಿಮೆಯಂಥ ಉಳಿತಾಯ) ಅಡಿ ಪೂರ್ತಿ ಒಂದೂವರೆ ಲಕ್ಷ, ಆರೋಗ್ಯ ವಿಮೆಗೆ 25,000. ಎಲ್ಲ ಕಳೆದು 9,75,000. ಸೆಸ್ (ತೆರಿಗೆಯ ಮೇಲೆ ಬೀಳುವ ಉಪಕರ) ಸೇರಿ ತೆರಿಗೆ 1,11,800.

ಹೊಸ ಪದ್ಧತಿ: 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದು 13,25,000. ಬೇರೇನೂ ಕಳೆಯುವ ಹಾಗಿಲ್ಲ. ಸೆಸ್ ಸೇರಿ ತೆರಿಗೆ 81,900.

ಅಂದರೆ ಸಾಲದ ಲಾಭ ಬಿಟ್ಟುಕೊಟ್ಟರೂ ಹೊಸ ಪದ್ಧತಿಯಲ್ಲಿ ನಿಮಗೆ 29,900 ರೂಪಾಯಿ ಉಳಿಯುತ್ತದೆ. ಹಳೆಯದು ಗೆಲ್ಲಬೇಕಾದರೆ ಇನ್ನೂ ಸುಮಾರು 1,44,000 ರೂಪಾಯಿಯ ಕಡಿತ ಬೇಕು. ಬಾಡಿಗೆ ಮನೆಯಲ್ಲಿದ್ದು ಕಂಪನಿಯಿಂದ ಮನೆ ಬಾಡಿಗೆ ಭತ್ಯೆ, ಅಂದರೆ ಎಚ್‌ಆರ್‌ಎ ಪಡೆಯುವವರಿಗೆ ಅಷ್ಟು ಸಿಗಬಹುದು. ನೀವು ಸ್ವಂತ ಮನೆಯಲ್ಲಿದ್ದೀರಿ. ಸಂಬಳದವರು ಪ್ರತಿ ವರ್ಷ ಪದ್ಧತಿ ಬದಲಿಸಬಹುದು, ಹಾಗಾಗಿ ಈ ಸಲವೇ ಬದಲಿಸಿ. ಮುಂದೆ ಯಾವತ್ತಾದರೂ ಹಳೆಯದು ಬೇಕಾದರೆ ರಿಟರ್ನ್ ಕೊನೆಯ ದಿನದೊಳಗೆ ಕೊಡಬೇಕು. ತಡವಾದರೆ ಆ ಆಯ್ಕೆ ಇಲ್ಲ.

ಇನ್ನು 5 ಲಕ್ಷದ ವಿಷಯ. ನನ್ನ ಪ್ರಕಾರ ನಿಮ್ಮ ಪತ್ರದಲ್ಲಿ ಇದೇ ದೊಡ್ಡ ಪ್ರಶ್ನೆ. 62 ಲಕ್ಷದ ಮನೆಗೆ 2,16,000 ಬಾಡಿಗೆ ಅಂದರೆ ನೂರಕ್ಕೆ ಮೂರೂವರೆ. ನೀವು ಕಟ್ಟುವ ಬಡ್ಡಿ ನೂರಕ್ಕೆ ಎಂಟೂವರೆಯ ಹತ್ತಿರ. ಹೊಸ ಪದ್ಧತಿಗೆ ಹೋದ ಮೇಲೆ 1,47,000 ದಾಟಿದ ಬಡ್ಡಿಯಿಂದ ನಿಮಗೆ ಒಂದು ಪೈಸೆ ತೆರಿಗೆಯೂ ಉಳಿಯುವುದಿಲ್ಲ. 5 ಲಕ್ಷ ಸಾಲಕ್ಕೆ ಕಟ್ಟಿದರೆ ವರ್ಷಕ್ಕೆ ಸುಮಾರು 42,000 ಬಡ್ಡಿ ಉಳಿಯುತ್ತದೆ. ಅದೇ ದುಡ್ಡು ನೂರಕ್ಕೆ 7ರ ಎಫ್‌ಡಿಯಲ್ಲಿಟ್ಟರೆ 35,000 ಬಂದು, ಅದರ ಮೇಲೆ ತೆರಿಗೆ ಹೋಗಿ 30,000ಕ್ಕಿಂತ ಕಡಿಮೆ ಕೈಗೆ ಬರುತ್ತದೆ. ಮನೆಯವರ ಕಾಯಿಲೆ ಕಸಾಲೆಗೆ ಬೇರೆ ದುಡ್ಡು ಎತ್ತಿಟ್ಟಿದ್ದರೆ ಇದನ್ನು ಸಾಲಕ್ಕೇ ಕಟ್ಟಿ. ಬಡ್ಡಿ ದರ ಏರಿಳಿಯುವ ಗೃಹ ಸಾಲವನ್ನು ಮುಂಚಿತವಾಗಿ ತೀರಿಸಿದರೆ ಬ್ಯಾಂಕು ದಂಡ ಹಾಕುವಂತಿಲ್ಲ.

ಬ್ಯಾಂಕಿಗೆ ಹೋದಾಗ ಇನ್ನೊಂದು ಕೇಳಿ: ನನ್ನ ಸಾಲ ರೆಪೊ ದರಕ್ಕೆ (ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ) ಜೋಡಿಸಿದ್ದಾ, ಬ್ಯಾಂಕೇ ಲೆಕ್ಕ ಹಾಕುವ ದರವಾದ ಎಂಸಿಎಲ್‌ಆರ್‌ಗೆ ಜೋಡಿಸಿದ್ದಾ? 2025ರ ಫೆಬ್ರವರಿಯಿಂದ ಡಿಸೆಂಬರ್‌ವರೆಗೆ ರಿಸರ್ವ್ ಬ್ಯಾಂಕ್ ರೆಪೊ ದರವನ್ನು 6.5ರಿಂದ 5.25ಕ್ಕೆ ಇಳಿಸಿತು. ರೆಪೊಗೆ ಜೋಡಿಸಿದ ಸಾಲಗಾರರಿಗೆ ಅದು ಬೇಗ ಮುಟ್ಟುತ್ತದೆ, ಉಳಿದವರಿಗೆ ನಿಧಾನ. ಅಲ್ಪ ಶುಲ್ಕ ಕಟ್ಟಿ ಬದಲಾಯಿಸಿಕೊಳ್ಳಬಹುದು. 45 ಲಕ್ಷಕ್ಕೆ ಅರ್ಧ ಪರ್ಸೆಂಟ್ ಇಳಿದರೂ ವರ್ಷಕ್ಕೆ 22,500. ಎಷ್ಟೋ ಜನ ತೆರಿಗೆ ಉಳಿಸಲು ಮಾರ್ಚ್ ತಿಂಗಳಲ್ಲಿ ಓಡಾಡುತ್ತಾರೆ, ಬ್ಯಾಂಕಿಗೆ ಈ ಒಂದು ಅರ್ಜಿ ಕೊಡುವುದಿಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ, ವಯಸ್ಸು 64. ಮೈಸೂರಿನಲ್ಲಿ 2005ರಲ್ಲಿ ಖರ್ಚೆಲ್ಲ ಸೇರಿ 3 ಲಕ್ಷಕ್ಕೆ ಕೊಂಡ ಸೈಟನ್ನು ಕಳೆದ ನವೆಂಬರ್‌ನಲ್ಲಿ 42 ಲಕ್ಷಕ್ಕೆ ಮಾರಿದೆ. ಪಿಂಚಣಿ ವರ್ಷಕ್ಕೆ 6 ಲಕ್ಷ. ಹಾಸನದಲ್ಲಿ ನನ್ನ ಹೆಸರಿನ ಮನೆ ಇದೆ. ತಂದೆ ಹೋದ ಮೇಲೆ ಅರಕಲಗೂಡಿನ ಮನೆಯ ಖಾತಾ ಅಣ್ಣ ತಮ್ಮಂದಿರ ಜೊತೆ ನನ್ನ ಹೆಸರಿಗೂ ಆಗಿದೆ. ಮೈಸೂರಿನಲ್ಲಿ 28 ಲಕ್ಷಕ್ಕೆ ಒಂದು ಹಳೇ ಫ್ಲಾಟ್ ನೋಡಿದ್ದೇನೆ. ಅದನ್ನು ಕೊಂಡರೆ ತೆರಿಗೆ ಇಲ್ಲ ಎಂದು ಬ್ರೋಕರ್ ಹೇಳುತ್ತಾರೆ. ನಿಜವಾ?
— ಓದುಗರು, ಹಾಸನ

ಉತ್ತರ: ಟೀಚರ್, ನಿಮ್ಮ ಪತ್ರದಲ್ಲಿ ಅರಕಲಗೂಡಿನ ಮನೆಯ ಮಾತು ಬರೆದದ್ದು ಬಹಳ ಒಳ್ಳೆಯದಾಯಿತು. ಎಲ್ಲವೂ ಅದರ ಮೇಲೆ ನಿಂತಿದೆ.

ಮೊದಲು ತೆರಿಗೆ ಎಷ್ಟು ನೋಡೋಣ. 2024ರ ಜುಲೈ 23ಕ್ಕೆ ಮುಂಚೆ ಕೊಂಡ ಜಮೀನು, ಕಟ್ಟಡ ಮಾರಿದರೆ ಇಲ್ಲಿ ನೆಲೆಸಿದ ವ್ಯಕ್ತಿಗಳಿಗೆ ಎರಡು ದಾರಿ. ಬೆಲೆಯೇರಿಕೆ ಸೂಚ್ಯಂಕ (ಬೆಲೆಯೇರಿಕೆಗೆ ತಕ್ಕಂತೆ ಕೊಂಡ ಬೆಲೆಯನ್ನು ಏರಿಸಿ ಹಿಡಿಯುವ ಅಂಕಿ) ಬಿಟ್ಟು ಲಾಭದ ಮೇಲೆ ನೂರಕ್ಕೆ 12.5, ಅಥವಾ ಸೂಚ್ಯಂಕ ಹಾಕಿ ನೂರಕ್ಕೆ 20. ಯಾವುದು ಕಡಿಮೆಯೋ ಅದು. ನಿಮ್ಮದು 2005-06ರ ಖರೀದಿ, ಆಗಿನ ಸೂಚ್ಯಂಕ 117, ಈಗಿನದು 376. ಸೂಚ್ಯಂಕ ಹಾಕಿದರೆ 3 ಲಕ್ಷ 9,64,000ದಷ್ಟಾಗುತ್ತದೆ, ಸೆಸ್ ಬಿಟ್ಟು ತೆರಿಗೆ ಸುಮಾರು 6,47,000. ಹಾಕದಿದ್ದರೆ 39 ಲಕ್ಷ ಲಾಭಕ್ಕೆ 4,87,500, ಸೆಸ್ ಸೇರಿ 5,07,000. ನಿಮಗೆ ಸೂಚ್ಯಂಕ ಹಾಕದ 12.5ರ ದಾರಿಯೇ ಸರಿ. ಬೆಲೆ ಹತ್ತಾರು ಪಟ್ಟು ಏರಿದ ಸೈಟುಗಳಿಗೆ 12.5 ಒಳ್ಳೆಯದು. ನಿಧಾನವಾಗಿ ಏರಿದ ಫ್ಲಾಟುಗಳಿಗೆ ಉಲ್ಟಾ. 2012-13ರಲ್ಲಿ 40 ಲಕ್ಷಕ್ಕೆ ಕೊಂಡು ಈಗ 70 ಲಕ್ಷಕ್ಕೆ ಮಾರಿದವರಿಗೆ ಸೂಚ್ಯಂಕ ಹಾಕಿದರೆ ಕೊಂಡ ಬೆಲೆಯೇ 75 ಲಕ್ಷ ದಾಟುತ್ತದೆ, ತೆರಿಗೆಯೇ ಇಲ್ಲ. ಹಾಕದಿದ್ದರೆ ಸೆಸ್ ಬಿಟ್ಟೇ 3,75,000 ಕಟ್ಟಬೇಕು. ಆದ್ದರಿಂದ ಎರಡೂ ಲೆಕ್ಕ ಹಾಕದೆ ಯಾರೂ ರಿಟರ್ನ್ ಕೊಡಬೇಡಿ.

ಈಗ ಬ್ರೋಕರ್ ಹೇಳಿದ ವಿನಾಯಿತಿ. ಸೈಟು ಮಾರಿ ಮನೆ ಕೊಳ್ಳುವವರಿಗೆ ಇರುವುದು 54ಎಫ್ ಎಂಬ ಸೆಕ್ಷನ್. ಇದರಲ್ಲಿ ಲಾಭ ಮಾತ್ರ ಹಾಕಿದರೆ ಸಾಲದು, ಮಾರಿ ಬಂದ ಮೊತ್ತ ಪೂರ್ತಿ ಮನೆಗೆ ಹಾಕಬೇಕು. 42ರಲ್ಲಿ 28 ಹಾಕಿದರೆ 39 ಲಕ್ಷ ಲಾಭದಲ್ಲಿ ಅದೇ ಪ್ರಮಾಣದ 26 ಲಕ್ಷಕ್ಕೆ ಮಾತ್ರ ವಿನಾಯಿತಿ. ಮಾರುವ ಒಂದು ವರ್ಷ ಮುಂಚೆ ಅಥವಾ ಎರಡು ವರ್ಷದೊಳಗೆ ಕೊಳ್ಳಬೇಕು, ಕಟ್ಟಿಸುವುದಾದರೆ ಮೂರು ವರ್ಷ. ಬ್ರೋಕರ್ ಪೂರ್ತಿ ತೆರಿಗೆ ಇಲ್ಲ ಎಂದದ್ದು ಇಲ್ಲೇ ತಪ್ಪು.

ಅದಕ್ಕಿಂತ ದೊಡ್ಡ ಷರತ್ತು ಇನ್ನೊಂದಿದೆ. ಸೈಟು ಮಾರಿದ ದಿನ ನಿಮ್ಮ ಹೆಸರಿನಲ್ಲಿ ಒಂದಕ್ಕಿಂತ ಜಾಸ್ತಿ ವಾಸದ ಮನೆ ಇರಬಾರದು. ಹಾಸನದ ಮನೆ ಒಂದು. ಅರಕಲಗೂಡಿನ ಮನೆಯಲ್ಲಿ ಮೂರನೇ ಒಂದು ಪಾಲು ಇದ್ದರೂ ಅದನ್ನು ಎರಡನೆಯದು ಎಂದು ಅಧಿಕಾರಿ ಹಿಡಿಯಬಹುದು. ಜಂಟಿ ಮಾಲೀಕತ್ವವೂ ಮಾಲೀಕತ್ವವೇ ಎಂದು ನಮ್ಮ ಕರ್ನಾಟಕ ಹೈಕೋರ್ಟ್ ಒಂದು ಪ್ರಕರಣದಲ್ಲಿ ಈ ವಿನಾಯಿತಿ ನಿರಾಕರಿಸಿದೆ. ಸೈಟು ಮಾರುವ ಮುಂಚೆ ಕೇಳಿದ್ದರೆ, ಅಣ್ಣ ತಮ್ಮಂದಿರಿಗೆ ಹಕ್ಕು ಬಿಡುಗಡೆ ಪತ್ರ ಬರೆದುಕೊಟ್ಟು ಆಮೇಲೆ ಮಾರುವ ಬಗ್ಗೆ ಯೋಚಿಸಬಹುದಿತ್ತು. ಈಗ ಬರೆದುಕೊಟ್ಟರೂ ಪ್ರಯೋಜನವಿಲ್ಲ, ಲೆಕ್ಕಕ್ಕೆ ಬರುವುದು ಮಾರಿದ ದಿನ. ಈ ವಯಸ್ಸಿನಲ್ಲಿ ನೀವು ಮೇಲ್ಮನವಿ ಹಿಡಿದು ಓಡಾಡುವುದು ನನಗೆ ಇಷ್ಟವಿಲ್ಲ. 54ಎಫ್ ಬಿಟ್ಟುಬಿಡಿ.

ನಿಮಗೆ ಇನ್ನೊಂದು ಬಾಗಿಲು ತೆರೆದಿದೆ. 54ಇಸಿ ಬಾಂಡ್. ಆರ್‌ಇಸಿ, ಪಿಎಫ್‌ಸಿ, ಐಆರ್‌ಎಫ್‌ಸಿ ಎಂಬ ಸರ್ಕಾರಿ ಸಂಸ್ಥೆಗಳು ಕೊಡುತ್ತವೆ. ಇಲ್ಲಿ ಎಷ್ಟು ಮನೆ ಇದೆ ಎಂದು ಯಾರೂ ಕೇಳುವುದಿಲ್ಲ. ಲಾಭದ ಮೊತ್ತ ಮಾತ್ರ ಹಾಕಿದರೆ ಸಾಕು, ಮಿತಿ 50 ಲಕ್ಷ. ಮಾರಿದ ದಿನದಿಂದ ಆರು ತಿಂಗಳೊಳಗೆ ಹಾಕಬೇಕು. ನಿಮಗೆ ಮೇ ತಿಂಗಳಲ್ಲಿ ಆ ದಿನ ಬರುತ್ತದೆ. ಕ್ರಯಪತ್ರದ ತಾರೀಕು ನೋಡಿ ಈಗಲೇ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ದುಡ್ಡು ಐದು ವರ್ಷ ತೆಗೆಯುವಂತಿಲ್ಲ, ಅದರ ಮೇಲೆ ಸಾಲವೂ ಪಡೆಯುವಂತಿಲ್ಲ. ಬಡ್ಡಿ ನೂರಕ್ಕೆ 5.25, ಅದಕ್ಕೆ ತೆರಿಗೆ ಇದೆ. ಬಡ್ಡಿ ಕಡಿಮೆ ಎಂದು ಕೆಲವರು ಮೂಗು ಮುರಿಯುತ್ತಾರೆ. 1 ಲಕ್ಷ ಹಾಕಿದರೆ ತೆರಿಗೆ 13,000 ಉಳಿಯುತ್ತದೆ. ನೂರಕ್ಕೆ 7ರ ಎಫ್‌ಡಿಗೆ ಹೋಲಿಸಿದರೆ ಬಡ್ಡಿಯಲ್ಲಿ ಕಳೆದುಕೊಳ್ಳುವುದು ಐದು ವರ್ಷಕ್ಕೆ 8,750. ಲಾಭ ಬಾಂಡ್ ಕಡೆಗೇ ಇದೆ.

ಹಾಗಾದರೆ ಫ್ಲಾಟ್? 39 ಲಕ್ಷವನ್ನೂ ಬಾಂಡಿಗೆ ಹಾಕಿದರೆ ತೆರಿಗೆ ಸೊನ್ನೆ, ಆದರೆ ಫ್ಲಾಟ್ ಕೊಳ್ಳಲು ದುಡ್ಡಿಲ್ಲ. ಫ್ಲಾಟ್ ಬೇಕೇ ಬೇಕು ಅಂದರೆ 28 ಲಕ್ಷ ಅದಕ್ಕೆ, 10 ಲಕ್ಷ ಬಾಂಡಿಗೆ, ಉಳಿದ 29 ಲಕ್ಷ ಲಾಭಕ್ಕೆ ತೆರಿಗೆ 3,77,000. ಫ್ಲಾಟಿನ ರಿಜಿಸ್ಟ್ರೇಷನ್ ಖರ್ಚು ಬೇರೆ ದುಡ್ಡಿನಿಂದ ಬರಬೇಕು. ಲಾಭ ನಿಮ್ಮ ಆದಾಯಕ್ಕೆ ಸೇರಿ 12 ಲಕ್ಷ ದಾಟುವುದರಿಂದ ಪಿಂಚಣಿಗೆ ಸಿಗುತ್ತಿದ್ದ ರಿಯಾಯಿತಿಯೂ ಆ ವರ್ಷ ತಪ್ಪುತ್ತದೆ, ಅದು ಸೆಸ್ ಸೇರಿ 6,500. ನನ್ನನ್ನು ಕೇಳಿದರೆ, ಆ ಫ್ಲಾಟಿನಲ್ಲಿ ನೀವೇ ಹೋಗಿ ಇರುವುದಾದರೆ ಕೊಳ್ಳಿ. ಬಾಡಿಗೆಗೆಂದು ಆದರೆ ಬೇಡ. ಹಾಸನದಲ್ಲಿ ಕೂತು ಮೈಸೂರಿನ ಬಾಡಿಗೆದಾರರ ನಲ್ಲಿ, ಮೋಟಾರು ನೋಡಿಕೊಳ್ಳುವ ಕಷ್ಟ ನಿಮಗೆ ಯಾಕೆ? ವ್ಯಾಪಾರದ ಆದಾಯ ಇಲ್ಲದ ಹಿರಿಯ ನಾಗರಿಕರಿಗೆ ಮುಂಗಡ ತೆರಿಗೆ ಇಲ್ಲ. ತೆರಿಗೆ ಕಟ್ಟುವುದಾದರೂ ಜುಲೈನಲ್ಲಿ ರಿಟರ್ನ್ ಜೊತೆ ಕಟ್ಟಿದರೆ ಸಾಕು.

ಇದನ್ನು ಓದುತ್ತಿರುವ ಬೇರೆಯವರಿಗೆ: ನಿಮಗೆ 54ಎಫ್ ಸಿಗುತ್ತದೆ, ಆದರೆ ಮನೆ ಇನ್ನೂ ಸಿಕ್ಕಿಲ್ಲ ಎಂದಾದರೆ, ರಿಟರ್ನ್ ಕೊಡುವ ಕೊನೆಯ ದಿನದೊಳಗೆ ಆ ದುಡ್ಡನ್ನು ಬ್ಯಾಂಕಿನ 'ಕ್ಯಾಪಿಟಲ್ ಗೇನ್ಸ್ ಅಕೌಂಟ್'ನಲ್ಲಿ ಇಡಲೇಬೇಕು. ಸಾಮಾನ್ಯ ಉಳಿತಾಯ ಖಾತೆಯಲ್ಲಿ ಬಿದ್ದಿದ್ದರೆ ವಿನಾಯಿತಿಗೇ ಕುತ್ತು.

ಪ್ರಶ್ನೆ: ನನ್ನ ಸೈಟಿಗೆ 50 ಲಕ್ಷ ಮಾತಾಗಿದೆ. ಗೈಡೆನ್ಸ್ ವ್ಯಾಲ್ಯೂ (ನೋಂದಣಿಗೆ ಸರ್ಕಾರ ಗೊತ್ತು ಮಾಡಿದ ಬೆಲೆ) 30 ಲಕ್ಷ. 30 ಬ್ಯಾಂಕಿನಲ್ಲಿ, 20 ಕೈಯಲ್ಲಿ ಕೊಡುತ್ತೇವೆ, ಇಬ್ಬರಿಗೂ ಉಳಿತಾಯ ಎನ್ನುತ್ತಾರೆ. ಮಾಡಬಹುದಾ?
— ಓದುಗರು, ಕೋಲಾರ

ಉತ್ತರ: ಬೇಡವೇ ಬೇಡ. 2015ರ ಜೂನ್ 1ರಿಂದ ಆಸ್ತಿ ವ್ಯವಹಾರದಲ್ಲಿ 20,000 ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವಂತಿಲ್ಲ. ಪಡೆದರೆ ಪಡೆದಷ್ಟೇ ದಂಡ, ಅದೂ ಪಡೆದವರಿಗೆ. ಅಂದರೆ ನಿಮಗೆ. 20 ಲಕ್ಷದ ಮೇಲೆ ನೀವು ಉಳಿಸುವ ತೆರಿಗೆ ಹೆಚ್ಚೆಂದರೆ 2,60,000. ಅದಕ್ಕಾಗಿ 20 ಲಕ್ಷದ ದಂಡಕ್ಕೆ ಕೊರಳು ಕೊಡುತ್ತೀರಾ? ಕೈಯಲ್ಲಿ ಪಡೆದ ದುಡ್ಡನ್ನು ಬಾಂಡಿಗೆ ಹಾಕಲು ಆಗದು, ಹೊಸ ಮನೆಗೂ ಹಾಕಲು ಆಗದು. 50 ಲಕ್ಷವೂ ಚೆಕ್ಕಿನಲ್ಲಿ ಬಂದರೆ ಮೇಲೆ ಹೇಳಿದ ವಿನಾಯಿತಿಗಳೆಲ್ಲ ನಿಮಗೆ ಸಿಗುತ್ತವೆ, ಬಹುಶಃ ತೆರಿಗೆಯೇ ಬರುವುದಿಲ್ಲ.

ಪ್ರಶ್ನೆ: ಬೆಂಗಳೂರಿನಲ್ಲಿ ಮೊದಲ ಮಹಡಿಯನ್ನು 12 ಲಕ್ಷಕ್ಕೆ ಮೂರು ವರ್ಷ ಲೀಸ್ ಕೊಟ್ಟಿದ್ದೇನೆ. ಬಾಡಿಗೆ ಬರುವುದೇ ಇಲ್ಲವಲ್ಲ, ತೆರಿಗೆ ಇಲ್ಲ ತಾನೇ?
— ಓದುಗರು, ರಾಜಾಜಿನಗರ, ಬೆಂಗಳೂರು

ಉತ್ತರ: ಬಹಳ ಮನೆ ಮಾಲೀಕರು ಹೀಗೇ ತಿಳಿದಿದ್ದಾರೆ. ಭೋಗ್ಯದ 12 ಲಕ್ಷ ನಿಮ್ಮ ಆದಾಯವಲ್ಲ, ಅದು ವಾಪಸ್ ಕೊಡಬೇಕಾದ ದುಡ್ಡು. ಆದರೆ ಕಾಯ್ದೆ ನೋಡುವುದು ಆ ಮನೆಗೆ ಸಹಜವಾಗಿ ಎಷ್ಟು ಬಾಡಿಗೆ ಬರಬಹುದಿತ್ತು ಎಂದು. ಅಕ್ಕಪಕ್ಕದ ಅಂಥದೇ ಮನೆಗೆ 15,000 ಇದ್ದರೆ ವರ್ಷಕ್ಕೆ 1,80,000 ಎಂದು ಹಿಡಿದು, ಕಂದಾಯ ಮತ್ತು ನೂರಕ್ಕೆ 30 ಕಳೆದು ತೋರಿಸಬೇಕು. ಆ 12 ಲಕ್ಷವನ್ನು ಎಫ್‌ಡಿ ಇಟ್ಟಿದ್ದರೆ ಅದರ ಬಡ್ಡಿ ಬೇರೆ. ಬೇರೆ ಆದಾಯ ಕಡಿಮೆ ಇದ್ದರೆ ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಬಾರದು, ಹೆದರಬೇಡಿ. ತೋರಿಸುವುದನ್ನು ಮಾತ್ರ ಬಿಡಬೇಡಿ. ಭೋಗ್ಯದ ದುಡ್ಡು ಪಡೆಯುವುದು, ಹಿಂದಿರುಗಿಸುವುದು ಎರಡೂ ಬ್ಯಾಂಕಿನ ಮೂಲಕವೇ ಆಗಬೇಕು. ಒಂದು ವರ್ಷ ಮೀರಿದ ಕರಾರನ್ನು ರಿಜಿಸ್ಟರ್ ಮಾಡಿಸಬೇಕು. ಇಲ್ಲದಿದ್ದರೆ ಜಗಳ ಬಂದಾಗ ಇಬ್ಬರಿಗೂ ಕಷ್ಟ.

ಪ್ರಶ್ನೆ: ಬಾಡಿಗೆದಾರ ಮೂರು ತಿಂಗಳ ಬಾಡಿಗೆ ಕೊಡದೆ ಹೋದ. ಆಮೇಲೆ ನಾಲ್ಕು ತಿಂಗಳು ಮನೆ ಖಾಲಿ. ಪೂರ್ತಿ ವರ್ಷದ ಬಾಡಿಗೆ ತೋರಿಸಬೇಕಾ?
— ಓದುಗರು, ಹುಬ್ಬಳ್ಳಿ

ಉತ್ತರ: ಬೇಕಿಲ್ಲ. ಬಾಡಿಗೆಗೆ ಕೊಟ್ಟ ಮನೆ ಖಾಲಿ ಬಿದ್ದ ತಿಂಗಳುಗಳನ್ನು ಬಿಡಬಹುದು. ಕೊಡದೆ ಹೋದ ಬಾಡಿಗೆಯನ್ನೂ ಬಿಡಬಹುದು. ಆತ ಮನೆ ಬಿಟ್ಟಿರಬೇಕು, ನಿಮ್ಮ ಇನ್ನೊಂದು ಮನೆಯಲ್ಲಿ ಇರಬಾರದು, ವಸೂಲಿಗೆ ನೀವು ಪ್ರಯತ್ನಿಸಿರಬೇಕು ಅಥವಾ ಕೋರ್ಟಿಗೆ ಹೋದರೂ ಪ್ರಯೋಜನವಿಲ್ಲ ಎಂದು ತೋರಿಸಬೇಕು. ಖಾಲಿ ತಿಂಗಳ ಕರೆಂಟ್ ಬಿಲ್ಲು, ಬಾಡಿಗೆ ಕೇಳಿ ಕಳಿಸಿದ ವಾಟ್ಸ್‌ಆ್ಯಪ್ ಸಂದೇಶ, 'ಮನೆ ಬಾಡಿಗೆಗಿದೆ' ಎಂದು ಹಾಕಿದ ಜಾಹೀರಾತು, ಇವನ್ನೆಲ್ಲ ಒಂದು ಫೈಲಿನಲ್ಲಿ ಇಡಿ.

ಪ್ರಶ್ನೆ: ನನ್ನ ದುಡ್ಡಿನಲ್ಲಿ ಹೆಂಡತಿಯ ಹೆಸರಿಗೆ ಮನೆ ಕೊಂಡಿದ್ದೇನೆ. ಬಾಡಿಗೆ 25,000 ಅವಳ ಖಾತೆಗೆ ಬರುತ್ತದೆ. ಅವಳಿಗೆ ಬೇರೆ ಆದಾಯ ಇಲ್ಲ. ತೆರಿಗೆ ಉಳಿಯಿತು ತಾನೇ?
— ಓದುಗರು, ಉಡುಪಿ

ಉತ್ತರ: ಉಳಿಯಲಿಲ್ಲ. ದುಡ್ಡು ನಿಮ್ಮದಾದರೆ ಆ ಬಾಡಿಗೆ ನಿಮ್ಮ ಆದಾಯಕ್ಕೇ ಸೇರುತ್ತದೆ. ಅವರ ಹೆಸರಿನಲ್ಲಿ ಮನೆ ಇರಲಿ, ಅದು ಅವರ ಭದ್ರತೆಗೆ ಒಳ್ಳೆಯದೇ. ತೆರಿಗೆ ಲೆಕ್ಕದಲ್ಲಿ ಮಾತ್ರ ಅದು ನಿಮ್ಮದು. ಅವರ ತವರಿನಿಂದ ಬಂದ ಹಣ, ಅವರದೇ ಉಳಿತಾಯ ಸೇರಿದ್ದರೆ ಅಷ್ಟು ಪಾಲಿನ ಬಾಡಿಗೆ ಅವರದು. ಅದಕ್ಕೆ ಅವರ ಖಾತೆಯಿಂದ ಮಾರಿದವರಿಗೆ ದುಡ್ಡು ಹೋದ ದಾಖಲೆ ಬೇಕು. ತಂದೆ ತಾಯಿಗೆ ಅಥವಾ 18 ತುಂಬಿದ ಮಕ್ಕಳಿಗೆ ದಾನಪತ್ರ ಮಾಡಿಕೊಟ್ಟರೆ ಈ ತೊಡಕಿಲ್ಲ. ಆದರೆ ಕೊಟ್ಟ ಮೇಲೆ ಅದು ನಿಮ್ಮ ಕೈಯಲ್ಲಿಲ್ಲ. ತೆರಿಗೆ ಉಳಿಸಲು ಮಾತ್ರ ಅಂಥ ಹೆಜ್ಜೆ ಇಡಬೇಡಿ.

ಪ್ರಶ್ನೆ: ಮಗ ಅಮೆರಿಕದ ಡಲ್ಲಾಸ್‌ನಲ್ಲಿದ್ದಾನೆ. ಬೆಂಗಳೂರಿನ ಅವನ ಫ್ಲಾಟಿನ ಬಾಡಿಗೆ 30,000 ಅವನ, ಅನಿವಾಸಿಗಳ ಇಲ್ಲಿಯ ಆದಾಯಕ್ಕೆಂದೇ ಇರುವ, ಎನ್‌ಆರ್‌ಒ ಖಾತೆಗೆ ಬರುತ್ತದೆ. ಇನ್ನು ಮೇಲೆ ತೆರಿಗೆ ಹಿಡಿದು ಕೊಡುತ್ತೇನೆ ಎಂದು ಬಾಡಿಗೆದಾರ ಹೇಳುತ್ತಿದ್ದಾರೆ. ಫ್ಲಾಟ್ ಮಾರುವ ಯೋಚನೆಯೂ ಇದೆ.
— ಓದುಗರು, ಶಿವಮೊಗ್ಗ

ಉತ್ತರ: ಬಾಡಿಗೆದಾರರು ಹೇಳುವುದು ಸರಿ ಅಮ್ಮ. ಮಾಲೀಕರು ಅನಿವಾಸಿಯಾದರೆ ಬಾಡಿಗೆ ಎಷ್ಟೇ ಇರಲಿ, ಸೆಸ್ ಸೇರಿ ನೂರಕ್ಕೆ 31.2 ಹಿಡಿಯಬೇಕು. ತಿಂಗಳಿಗೆ 9,360. ಇದು ಹೋಗಿಬಿಟ್ಟ ದುಡ್ಡಲ್ಲ. 3,60,000 ಬಾಡಿಗೆಯಲ್ಲಿ ನೂರಕ್ಕೆ 30 ಕಳೆದರೆ 2,52,000. ಹೊಸ ಪದ್ಧತಿಯಲ್ಲಿ 4 ಲಕ್ಷದವರೆಗೆ ತೆರಿಗೆ ಇಲ್ಲ. ಇಲ್ಲಿ ಬೇರೆ ಆದಾಯ ಇಲ್ಲದಿದ್ದರೆ ರಿಟರ್ನ್ ಕೊಟ್ಟು ವರ್ಷದ 1,12,320 ರೂಪಾಯಿಯನ್ನೂ ವಾಪಸ್ ಪಡೆಯಬಹುದು. ಮೊದಲೇ ಅರ್ಜಿ ಹಾಕಿ 'ಕಡಿಮೆ ಟಿಡಿಎಸ್' (ಟಿಡಿಎಸ್ ಅಂದರೆ ಹೀಗೆ ದುಡ್ಡು ಕೊಡುವವರೇ ಹಿಡಿದು ಕಟ್ಟುವ ತೆರಿಗೆ) ಪ್ರಮಾಣಪತ್ರ ತರಿಸಿದರೆ ಅಷ್ಟು ಹಿಡಿಯುವ ಅಗತ್ಯವೂ ಬೀಳದು.

ಮಗನಿಗೆ ಎರಡು ವಿಷಯ ತಿಳಿಸಿ. ಅಮೆರಿಕದ ತೆರಿಗೆ ನಿವಾಸಿಗಳು ಈ ಬಾಡಿಗೆಯನ್ನು ಅಲ್ಲಿಯ ರಿಟರ್ನ್‌ನಲ್ಲೂ ತೋರಿಸಬೇಕು. ನಮ್ಮ ನೂರಕ್ಕೆ 30ರ ರಿಯಾಯಿತಿ ಅಲ್ಲಿ ಇಲ್ಲ. ಬದಲಿಗೆ ನಿಜವಾದ ಖರ್ಚು ಮತ್ತು ಕಟ್ಟಡದ ಸವಕಳಿ ಕಳೆಯುತ್ತಾರೆ. ವಿದೇಶಿ ಖಾತೆಗಳಲ್ಲಿ ಒಟ್ಟು 10,000 ಡಾಲರ್ ದಾಟಿದ ವರ್ಷ ಎನ್‌ಆರ್‌ಒ ಖಾತೆಯ ವಿವರವನ್ನೂ ಕೊಡಬೇಕು. ಎರಡನೆಯದು, ಮಾರುವಾಗ ಸೂಚ್ಯಂಕದ ಆಯ್ಕೆ ಅನಿವಾಸಿಗಳಿಗಿಲ್ಲ, 12.5 ಒಂದೇ. ಕೊಳ್ಳುವವರು ಲಾಭ ಎಷ್ಟು ಎಂದು ನೋಡದೆ ಪೂರ್ತಿ ಬೆಲೆಯ ಮೇಲೆ ತೆರಿಗೆ ಹಿಡಿದುಬಿಡುತ್ತಾರೆ. ಅದಕ್ಕೇ ಮಾರಾಟದ ಕರಾರು ಆದ ಕೂಡಲೇ, ರಿಜಿಸ್ಟ್ರೇಷನ್‌ಗೆ ಮುಂಚೆ, ಅದೇ ಪ್ರಮಾಣಪತ್ರಕ್ಕೆ ಅರ್ಜಿ ಹಾಕಬೇಕು. ಅದು ಕೈಗೆ ಬರಲು ಸಮಯ ಹಿಡಿಯುತ್ತದೆ, ಆದ್ದರಿಂದ ಕೊಳ್ಳುವವರ ಹತ್ತಿರ ಗಡುವು ಸ್ವಲ್ಪ ಜಾಸ್ತಿ ಕೇಳಿ.

ಪ್ರಶ್ನೆ: ಶಿರಸಿ ಪಟ್ಟಣದಿಂದ 5 ಕಿಲೋಮೀಟರ್ ದೂರದಲ್ಲಿ ಅಜ್ಜನ ಕಾಲದ ತೋಟದ ಒಂದು ತುಂಡು ಇದೆ. 40 ಲಕ್ಷಕ್ಕೆ ಕೇಳುತ್ತಿದ್ದಾರೆ. ಎನ್‌ಎ (ಕೃಷಿಯೇತರ ಜಮೀನಾಗಿ ಪರಿವರ್ತನೆ) ಮಾಡಿಸಿ ಕೊಟ್ಟರೆ 44 ಕೊಡುತ್ತಾರಂತೆ. ಬಂದ ದುಡ್ಡಲ್ಲಿ ಮಂಗಳೂರಿನಲ್ಲಿ 50 ಲಕ್ಷದ ಫ್ಲಾಟ್ ಕೊಂಡು ಬಾಡಿಗೆಗೆ ಬಿಡುವ ಯೋಚನೆ. ಯಾವುದು ಒಳ್ಳೆಯದು?
— ಓದುಗರು, ಶಿರಸಿ

ಉತ್ತರ: ಸಹಿ ಹಾಕುವ ಮುಂಚೆ ಬರೆದಿರಿ, ನಿಜವಾಗಿಯೂ ಸಂತೋಷವಾಯಿತು. ತೋಟವನ್ನು ತೋಟವಾಗಿಯೇ ಮಾರಿ.

ಜನಸಂಖ್ಯೆ 10,000ಕ್ಕಿಂತ ಹೆಚ್ಚು, 1 ಲಕ್ಷದೊಳಗೆ ಇರುವ ಪಟ್ಟಣದ ಗಡಿಯಿಂದ 2 ಕಿಲೋಮೀಟರ್ ಆಚೆಗಿನ ಕೃಷಿ ಜಮೀನು ಮಾರಿದರೆ ಬಂಡವಾಳ ಲಾಭದ ತೆರಿಗೆಯೇ ಇಲ್ಲ. 1ರಿಂದ 10 ಲಕ್ಷ ಜನರಿರುವ ಊರಿಗೆ ಈ ದೂರ 6 ಕಿಲೋಮೀಟರ್, ಅದಕ್ಕೂ ಮೇಲಿನ ಊರಿಗೆ 8. ರಸ್ತೆಯ ದೂರವಲ್ಲ, ನೇರ ದೂರ. ಶಿರಸಿ ಮೊದಲ ಗುಂಪಿಗೆ ಬರುತ್ತದೆ. ನಿಮ್ಮ 5 ಕಿಲೋಮೀಟರ್ ಪೇಟೆಯ ಮಧ್ಯದಿಂದ ಅಳೆದದ್ದಾ, ನಗರಸಭೆಯ ಗಡಿಯಿಂದ ಅಳೆದದ್ದಾ ಎಂದು ನೋಡಿಕೊಳ್ಳಿ. ಗಡಿಯಿಂದ 2 ದಾಟಿದ್ದರೆ 40 ಲಕ್ಷವೂ ಪೂರ್ತಿ ನಿಮ್ಮದು.

ಎನ್‌ಎ ಆದ ಮರುಕ್ಷಣ ಅದು ಕೃಷಿ ಜಮೀನಲ್ಲ. ಅಜ್ಜನ ಕಾಲದ ಆಸ್ತಿಯಾದ್ದರಿಂದ ಕೊಂಡ ಬೆಲೆಯ ಜಾಗದಲ್ಲಿ 2001ರ ಏಪ್ರಿಲ್ 1ರ ಬೆಲೆ 3 ಲಕ್ಷ ಎಂದು ಹಿಡಿದರೆ 41 ಲಕ್ಷ ಲಾಭಕ್ಕೆ ಸೆಸ್ ಸೇರಿ 5,33,000 ತೆರಿಗೆ. ಕೈಗೆ 38,67,000. ಎನ್‌ಎ ಖರ್ಚು ಬೇರೆ. 4 ಲಕ್ಷ ಹೆಚ್ಚು ಸಿಗುತ್ತದೆ ಎಂದು ಹೋಗಿ ಲಕ್ಷಕ್ಕೂ ಜಾಸ್ತಿ ಕಳೆದುಕೊಳ್ಳುತ್ತೀರಿ.

ಫ್ಲಾಟಿನ ಬಗ್ಗೆ. 50 ಲಕ್ಷ ಅಂದರೆ 50 ಲಕ್ಷವಲ್ಲ. ಪಟ್ಟಣ ಪ್ರದೇಶದಲ್ಲಿ ಮುದ್ರಾಂಕ ಶುಲ್ಕ ಸೆಸ್, ಸರ್ಚಾರ್ಜ್ ಸೇರಿ 5.6 ಪರ್ಸೆಂಟ್. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1ರ ಬದಲು 2 ಪರ್ಸೆಂಟ್. ಒಟ್ಟು 3,80,000 ಮೇಲೆ ಬೀಳುತ್ತದೆ. ಇದರ ರಸೀದಿ ಜೋಪಾನ, ಮುಂದೆ ಮಾರುವಾಗ ಕೊಂಡ ಬೆಲೆಗೆ ಸೇರಿಸಬಹುದು. ಬೆಲೆ 50 ಲಕ್ಷ ಮುಟ್ಟಿದರೆ ನೂರಕ್ಕೆ 1 ಟಿಡಿಎಸ್ ಹಿಡಿದು ಕಟ್ಟುವುದು ಕೊಳ್ಳುವವರ ಕೆಲಸ. ಹಿಡಿದ ತಿಂಗಳು ಮುಗಿದ 30 ದಿನದೊಳಗೆ ಕಟ್ಟಬೇಕು. ತೋಟ ಕೊಳ್ಳುವವರು ನಿಮ್ಮಿಂದ ಇದನ್ನು ಹಿಡಿಯುವಂತಿಲ್ಲ, ಏಕೆಂದರೆ ಇಂಥ ಕೃಷಿ ಜಮೀನಿಗೆ ಅದು ಅನ್ವಯಿಸದು.

ಈಗ ಮಾಡಬೇಕಾದ್ದು: ಪಹಣಿಯಲ್ಲಿ ಬೆಳೆ ಕಾಲಂನಲ್ಲಿ ಅಡಿಕೆ ಇದೆಯೇ ನೋಡಿ. ಅಡಿಕೆ ಮಾರಿದ ಸೊಸೈಟಿಯ ಬಿಲ್ಲುಗಳನ್ನು ತೆಗೆದಿಡಿ. ನಗರಸಭೆಯ ಗಡಿಯಿಂದ ಎಷ್ಟು ದೂರ ಎಂದು ತಹಶೀಲ್ದಾರ್ ಕಚೇರಿಯಿಂದ ಬರಹದಲ್ಲಿ ಪಡೆಯಿರಿ. ಆ ಪತ್ರ ಬಂದ ಮೇಲೆ ರಿಜಿಸ್ಟ್ರೇಷನ್‌ಗೆ ದಿನ ನಿಗದಿ ಮಾಡಿ.